ಬಿಸಿಲ ಸೀಮೆಯ ಮನೆಯಲ್ಲಿ ಪೆಪ್ಪರ್‌ಮಿಂಟ್: ಬೆಳೆಸುವ ಬಗೆ, ಬಳಸುವ ಬಗೆ

ಪುದೀನದ ಜಾತಿಯ ಪೆಪ್ಪರ್‌ಮಿಂಟ್ ಎಲೆಯ ಗುಣ ಬಹುಪಾಲು ಅದರ ಎಣ್ಣೆಯಲ್ಲಿದೆ. ಎಲೆಯ ಮೇಲಿನ ಕಣ್ಣಿಗೆ ಕಾಣದಷ್ಟು ಸಣ್ಣ ಗ್ರಂಥಿಗಳಲ್ಲಿ ಇರುವ ಈ ಎಣ್ಣೆ ಬಿಸಿ ತಾಗಿದರೆ ಹಾರಿಹೋಗುತ್ತದೆ. ಬಳ್ಳಾರಿ, ರಾಯಚೂರು, ಕೊಪ್ಪಳದಂಥ ಕಡೆ ಗಿಡ ನೆಡುವುದರಿಂದ ಹಿಡಿದು ಚಹಾ ಸೋಸುವವರೆಗೆ ಜಾಗ್ರತೆ ಬೇಕಾದದ್ದು ಇದನ್ನು ಉಳಿಸಿಕೊಳ್ಳುವುದಕ್ಕೇ.

ಸಂತೆಯಲ್ಲಿ ಕಟ್ಟು ಕಟ್ಟಿ ಮಾರುವ ಪುದೀನ ಸಾಮಾನ್ಯವಾಗಿ ಸ್ಪಿಯರ್‌ಮಿಂಟ್. ಚಟ್ನಿಗೆ ಅದೇ ಚೆಂದ, ಆದರೆ ಅದರಲ್ಲಿ ಬಾಯಿಗೆ ತಂಪು ಕೊಡುವ ಮೆಂಥಾಲ್ ಎಂಬ ಅಂಶ ತೀರಾ ಕಡಿಮೆ. ಪೆಪ್ಪರ್‌ಮಿಂಟ್‌ನ ದಂಟಿಗೆ ನೇರಳೆ ಛಾಯೆ, ಎಲೆಗೆ ಪುಟ್ಟ ತೊಟ್ಟು. ಕಚ್ಚಿದರೆ ಮೊದಲು ಖಾರ, ಆಮೇಲೆ ತಂಪು. ಮಿಶ್ರತಳಿಯಾದ್ದರಿಂದ ಇದು ಮೊಳೆಯುವ ಬೀಜ ಕಟ್ಟುವುದಿಲ್ಲ. ಪೆಪ್ಪರ್‌ಮಿಂಟ್ ಬೀಜವೆಂದು ಪ್ಯಾಕೆಟ್ ಕೊಟ್ಟರೆ ಕೊಳ್ಳಬೇಡಿ. ನರ್ಸರಿಯಲ್ಲಿ ಎಲೆ ಹಿಸುಕಿ, ಮೂಸಿ ನೋಡಿ ಗಿಡವನ್ನೇ ತನ್ನಿ.

ಒಂದು ಗಿಡವಿದ್ದರೆ ತುಂಡಿನಿಂದ ಎಷ್ಟಾದರೂ ಮಾಡಿಕೊಳ್ಳಬಹುದು. ನಾಲ್ಕು ಇಂಚಿನ ಎಳೆ ದಂಟನ್ನು ಗೆಣ್ಣಿನ ಕೆಳಗೆ ಕತ್ತರಿಸಿ, ಕೆಳಗಿನ ಎಲೆ ತೆಗೆದು, ನೆರಳಲ್ಲಿ ನೀರಿನ ಲೋಟದಲ್ಲಿಡಿ. ಎರಡು ದಿನಕ್ಕೊಮ್ಮೆ ನೀರು ಬದಲಿಸಿದರೆ 7ರಿಂದ 10 ದಿನದಲ್ಲಿ ಬೇರು ಬರುತ್ತದೆ. ಮಳೆ ಹಿಡಿದ ಮೇಲೆ ಜುಲೈನಲ್ಲೋ, ಇಲ್ಲವೇ ಅಕ್ಟೋಬರ್‌ನಲ್ಲೋ ನೆಡಿ. ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಎಳೆ ಸಸಿ ಹಿಡಿಯುವುದು ಕಷ್ಟ.

ಇದರ ಬೇರು ಆಳಕ್ಕಿಂತ ಅಗಲಕ್ಕೆ ಹಬ್ಬುವುದರಿಂದ 12 ಇಂಚು ಅಗಲ, 8 ಇಂಚು ಆಳದ ಕುಂಡ ಸಾಕು. ಬರೀ ಎರೆ ಮಣ್ಣು ತುಂಬಿದರೆ ನೀರು ನಿಂತು ಬೇರು ಕೊಳೆಯುತ್ತದೆ, ಒಣಗಿದಾಗ ಬಿರುಕು ಬಿಟ್ಟು ಬೇರು ಹರಿಯುತ್ತದೆ. ಎರಡು ಪಾಲು ಮಸಾರಿ ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಒಂದು ಪಾಲು ಉಸುಕು ಬೆರೆಸಿ. ಬೆಳಗಿನ ಬಿಸಿಲು ಎರಡು ಮೂರು ತಾಸು ಬೀಳುವ ಮೂಡಣ ಗೋಡೆಯ ಬದಿ ಇಡಿ. ಮಾಳಿಗೆ ಮೇಲಾದರೆ ಹಸಿರು ಪರದೆ ಬೇಕೇ ಬೇಕು. ಇಲ್ಲಿ ಗಿಡ ಕೆಡಿಸುವುದು ಬಿಸಿಲಷ್ಟೇ ಅಲ್ಲ, ಸವಳು ನೀರೂ ಹೌದು. ಎಲೆಯ ಅಂಚು ಕಂದಾಗಿ ಸುಟ್ಟಂತೆ ಕಂಡು, ಮಣ್ಣಿನ ಮೇಲೆ ಬಿಳಿ ಪದರ ಕಟ್ಟಿದರೆ ಅದು ಬೋರ್ ನೀರಿನ ಉಪ್ಪು. ಮಳೆ ನೀರು ಅಥವಾ ನಳದ ನೀರನ್ನು ವಾರಕ್ಕೊಮ್ಮೆ ತಳದಿಂದ ಹರಿದುಹೋಗುವಷ್ಟು ಹಾಕಿ. ಆರ್‌ಓ ಯಂತ್ರ ಹೊರಹಾಕುವ ನೀರಿನಲ್ಲಿ ಉಪ್ಪು ಇನ್ನೂ ಹೆಚ್ಚು, ಅದನ್ನು ಉಳಿತಾಯವೆಂದು ಹಾಕಲೇಬೇಡಿ. ಒಣ ಹವೆಗೆ ಎಲೆಯಡಿ ಸಣ್ಣ ಬಲೆ ಕಟ್ಟುವ ನುಸಿ ಬರುತ್ತದೆ, ಬೆಳಿಗ್ಗೆ ಎಲೆಯ ಕೆಳಬದಿಗೆ ಜೋರಾಗಿ ನೀರು ಹೊಡೆಯಿರಿ.

ಹೂ ಬಿಡುವ ಮುಂಚೆ, ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಕೊಯ್ಯಿರಿ. ಎರಡು ಇಂಚು ಬುಡ ಬಿಟ್ಟರೆ ಮತ್ತೆ ಚಿಗುರುತ್ತದೆ. ಒಣಗಿಸುವಾಗ ಹಪ್ಪಳದ ಹಾಗೆ ಬಿಸಿಲಿಗೆ ಹರಡಬೇಡಿ: ಬಣ್ಣವೂ ಹೋಗುತ್ತದೆ, ಎಣ್ಣೆಯೂ ಹೋಗುತ್ತದೆ. ಗಾಳಿಯಾಡುವ ಕೋಣೆಯಲ್ಲಿ ಬಿಳಿ ಬಟ್ಟೆಯ ಮೇಲೆ ಒಂದೇ ಪದರವಾಗಿ ಹಾಕಿ. ಹಿಡಿದರೆ ಪುಡಿಯಾಗುವಂತಾದಾಗ ಇಡೀ ಎಲೆಯನ್ನೇ ಗಾಜಿನ ಡಬ್ಬಿಗೆ ತುಂಬಿ, ಬೇಕಾದಾಗಷ್ಟೇ ಪುಡಿ ಮಾಡಿಕೊಳ್ಳಿ.

ಚಹಾಕ್ಕೆ 8ರಿಂದ 10 ಹಸಿ ಎಲೆ ಅಥವಾ ಒಂದು ಚಮಚ ಒಣ ಎಲೆ, 200 ಮಿ.ಲೀ. ನೀರು. ಎಲೆ ಕುದಿಸಬಾರದು. ಕುದ್ದ ನೀರನ್ನು ಇಳಿಸಿ, ಎಲೆ ಹಾಕಿ, ತಟ್ಟೆ ಮುಚ್ಚಿ 7 ನಿಮಿಷ ಬಿಡಿ. ತಟ್ಟೆಯ ಒಳಬದಿಗೆ ಕೂತ ಹನಿಗಳನ್ನು ಮೂಸಿದರೆ ಘಾಟು ಮೂಗಿಗೆ ಏರುತ್ತದೆ. ಆ ಹನಿಗಳನ್ನೂ ಲೋಟಕ್ಕೆ ಬಸಿಯಿರಿ. ಮಜ್ಜಿಗೆಗಾದರೆ ನಾಲ್ಕು ಎಲೆ ಜಜ್ಜಿ ಹಾಕಿದರೆ ಸಾಕು, ಹೆಚ್ಚಾದರೆ ಕಹಿ.

ಊಟದ ನಂತರದ ಹೊಟ್ಟೆಯುಬ್ಬರ, ಗ್ಯಾಸಿಗೆ ಈ ಚಹಾ ಹಿತ, ಏಕೆಂದರೆ ಮೆಂಥಾಲ್ ಕರುಳಿನ ಸ್ನಾಯುವನ್ನು ಸಡಿಲಿಸುತ್ತದೆ. ಅದೇ ಕಾರಣಕ್ಕೆ ಎದೆಯುರಿ, ಹುಳಿತೇಗು ಇದ್ದವರಿಗೆ ಇದು ಆಗಿಬರುವುದಿಲ್ಲ: ಜಠರದ ಮೇಲಿನ ಕವಾಟವೂ ಸಡಿಲಾಗಿ ಆಮ್ಲ ಮೇಲೇರುತ್ತದೆ. ಮಿರ್ಚಿ ಬಜ್ಜಿ ತಿಂದು ಎದೆ ಉರಿಯುವಾಗ ಪೆಪ್ಪರ್‌ಮಿಂಟ್ ಚಹಾ ಕುಡಿದರೆ ಉರಿ ಹೆಚ್ಚಬಹುದು. ಪಿತ್ತಕೋಶದಲ್ಲಿ ಕಲ್ಲಿದ್ದವರು ವೈದ್ಯರನ್ನು ಕೇಳಿಯೇ ಕುಡಿಯಲಿ.

ಅಂಗಡಿಯ ಎಣ್ಣೆ ಎಲೆಗಿಂತ ಬಹಳ ತೀಕ್ಷ್ಣ. ತಲೆನೋವಿಗೆ ಹಚ್ಚುವುದಾದರೆ ಒಂದು ದೊಡ್ಡ ಚಮಚ ಕೊಬ್ಬರಿ ಎಣ್ಣೆಗೆ 3 ಹನಿ ಬೆರೆಸಿ, ಕಣ್ಣಿನಿಂದ ದೂರ ಹಣೆಯ ಬದಿಗೆ ಸವರಿ, ಕುಡಿಯಬೇಡಿ. ಕೂಸುಗಳ, ಸಣ್ಣ ಮಕ್ಕಳ ಮುಖಕ್ಕೆ, ಮೂಗಿಗೆ, ಎದೆಗೆ ಹಚ್ಚಲೇಬಾರದು. ಅದರ ಘಾಟಿಗೆ ಮಗುವಿನ ಉಸಿರು ಕಟ್ಟುವ ಅಪಾಯವಿದೆ.

ಬೇಸಿಗೆಗೆ ಒಂದು ಮಾತು. ಮೆಂಥಾಲ್ ನಮ್ಮ ಚರ್ಮದ, ಬಾಯಿಯ ಚಳಿ ಅರಿಯುವ ನರಗಳನ್ನು ಕೆಣಕುತ್ತದೆ, ಅದಕ್ಕೇ ತಂಪು ಅನಿಸುತ್ತದೆ. ಮೈಯ ಕಾವು ಇಳಿಯುವುದಿಲ್ಲ. ಹೊಲದಿಂದ ಬಂದವರಿಗೆ ಬಳಲಿಕೆ, ತಲೆಸುತ್ತು ಇದ್ದರೆ ಪುದೀನ ಶರಬತ್ತು ನಂಬಿ ಕೂರಬೇಡಿ. ನೆರಳಿಗೆ ಕರೆದು, ಓಆರ್‌ಎಸ್ ಕುಡಿಸಿ. ಪೊಟ್ಟಣ ಇಲ್ಲವಾದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಸಮ ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಕರಗಿಸಿ ಕೊಡಿ. ಮಾತು ತೊದಲಿದರೆ, ಎಚ್ಚರ ತಪ್ಪಿದರೆ ಬಾಯಿಗೆ ಏನೂ ಹಾಕದೆ, ಮೈಗೆ ನೀರು ಸುರಿದು ಗಾಳಿ ಬೀಸುತ್ತ 108ಕ್ಕೆ ಕರೆ ಮಾಡಿ.