ಜಗಲಿಯಲ್ಲಿ ಯುದ್ಧ: ದೋಸ್ತಿಯನ್ನು ಕೂರಿಸಿ ಮಿನಿಯೇಚರ್ ವಾರ್‌ಗೇಮ್ ಆಡುವುದು ಹೇಗೆ

ಕಾಸರಗೋಡಿನ ಬದಿಯಡ್ಕದ ಕಡೆ ಜುಲೈಯಲ್ಲಿ ಮಳೆ ಹಿಡಿದ್ರೆ ಬಿಡುವುದಿಲ್ಲ, ಅಡಿಕೆಗೆ ಮದ್ದು ಬಿಡ್ಲಿಕ್ಕೆ ಒಂದು ದಿನದ ಹೊಳವು ಸಿಗ್ತದಾ ಹೇಳಿ ಆಕಾಶ ನೋಡ್ತಾ ಕೂತ್ಕೊಳ್ಳುವುದೇ ಕೆಲಸ, ನೆಟ್‌ವರ್ಕ್ ಇಲ್ಲ, ಕರೆಂಟು ಮೊದಲೇ ಇಲ್ಲ. ಅಂಥ ಒಂದು ವಾರದಲ್ಲಿ ನಾನೂ ನನ್ನ ದೋಸ್ತಿಯೂ ಈ ಆಟ ಸುರು ಮಾಡಿದ್ದು. ಈಗ ಯಾರಾದ್ರೂ ಮನೆಗೆ ಬಂದು ಬೊಂಬೆಗಳನ್ನು ನೋಡಿದ್ರೆ "ಇದೆಂತ ಮಾರಾಯಾ, ಮಕ್ಕಳ ಹಾಗೆ" ಹೇಳಿ ಕೇಳ್ತಾರೆ, ಮತ್ತೆ ಹತ್ತು ನಿಮಿಷದಲ್ಲಿ ಅವ್ರೇ ನೆಲದಲ್ಲಿ ಕೂತು ಟೇಪ್ ಹಿಡ್ಕೊಂಡಿರ್ತಾರೆ. ಹಾಗಾಗಿ ಒಂದು ಸಲ ಸಮಾ ಬರೆದಿಡುವಾ ಹೇಳಿ.

ಆಟ ಎಂತದ್ದು ಹೇಳಿದ್ರೆ, ಒಂದು ಇಂಚಿಗಿಂತ ಸ್ವಲ್ಪ ಎತ್ತರದ ಬೊಂಬೆಗಳ ಎರಡು ಸೈನ್ಯ, ಆಕಡೆ ಕುಳ್ಳರೋ ಚೂಪು ಕಿವಿಯ ಎಲ್ಫ್‌ಗಳೋ, ಈಕಡೆ ರಾಕ್ಷಸರ ಜಾತಿಯ ಓರ್ಕ್‌ಗಳು. ಚೆಸ್ಸಿನ ಹಾಗೆ ಚೌಕ ಇಲ್ಲ, ಟೇಪ್ ಹಿಡಿದು ಇಂಚಿನ ಲೆಕ್ಕದಲ್ಲಿ ನಡೆಸುವುದು, ಪೆಟ್ಟು ಬಿತ್ತಾ ಇಲ್ವಾ ಹೇಳಿ ಡೈಸ್ ಹೇಳ್ತದೆ. ಇದ್ರಲ್ಲಿ ದೊಡ್ಡ ಹೆಸರು ವಾರ್‌ಹ್ಯಾಮರ್, 1983ರಲ್ಲಿ ಇಂಗ್ಲೆಂಡಿನಲ್ಲಿ ಸುರುವಾದದ್ದು, ಅದ್ರ ಈಗಿನ ರೂಪ ಏಜ್ ಆಫ್ ಸಿಗ್ಮಾರ್ ಬಂದದ್ದು 2015ರಲ್ಲಿ. ಚಂದ ಉಂಟು, ಆದ್ರೆ ಒಂದು ಪೂರ್ತಿ ಸೈನ್ಯ ಕಟ್ಟುವ ದುಡ್ಡಿನಲ್ಲಿ ಒಂದು ಹುಲ್ಲು ಕೊಚ್ಚುವ ಮೆಷಿನ್ ಬರ್ತದೆ. ಸುರುವಿಗೆ ಅದಕ್ಕೆ ಕೈ ಹಾಕ್ಬೇಡಿ. ಒನ್ ಪೇಜ್ ರೂಲ್ಸ್‌ನವರ ಏಜ್ ಆಫ್ ಫ್ಯಾಂಟಸಿ ಹೇಳಿ ಉಂಟು, ರೂಲ್ಸು ಫ್ರೀ, ಕೆಲವೇ ಪುಟ, ಯಾವ ಕಂಪನಿಯ ಬೊಂಬೆ ಇಟ್ರೂ ಆಗ್ತದೆ. ಕೆಳಗೆ ಹೇಳುವುದೆಲ್ಲ ಅದ್ರ ಲೆಕ್ಕದಲ್ಲೇ.

ಇನ್ನು ಮುಖ್ಯ ವಿಷಯ. ದೋಸ್ತಿಗೆ ಆಟ ತೋರಿಸ್ಲಿಕ್ಕೆ ಬೊಂಬೆ ಬೇಕಾಗಿಯೇ ಇಲ್ಲ, ಮನೆಯಲ್ಲಿ ಕೇರಂ ಇದ್ರೆ ಸಾಕು. ಕೇರಂ ಕಾಯಿ ಅಡ್ಡಗಲ ಮೂರು ಸೆಂಟಿಮೀಟರಿನ ಮೇಲೆ ಒಂಚೂರು, ಬೊಂಬೆಗಳ ಕಾಲಡಿಯ 32 ಮಿಲಿಮೀಟರ್ ಬಿಲ್ಲೆಗೆ, ಹೇಳಿದ್ರೆ ಬೇಸ್‌ಗೆ, ಹೆಚ್ಚುಕಮ್ಮಿ ಸಮ. ಬಿಳಿ ಒಂಬತ್ತು, ಕಪ್ಪು ಒಂಬತ್ತು. ಐದು ಕಾಯಿ ಕತ್ತಿ ಹಿಡಿದವ್ರು, ನಾಲ್ಕು ಕಾಯಿ ಬಿಲ್ಲಿನವ್ರು. ಕಪ್ಪಿನವನಿಗೆ ಕೆಂಪು ರಾಣಿ ಹೀರೋ, ಬಿಳಿಯವನಿಗೆ ಸ್ಟ್ರೈಕರ್ ಹೀರೋ. ನನ್ನ ದೋಸ್ತಿ ಸ್ಟ್ರೈಕರನ್ನೇ ತೆಗೊಂಡ, ಅದು ದೊಡ್ಡದು ಹೇಳಿ, ದೊಡ್ಡದಾದಷ್ಟು ಹಿಂದೆ ಅಡಗ್ಲಿಕ್ಕೆ ಜಾಗ ಸಿಗುವುದಿಲ್ಲ ಹೇಳಿ ಅವನಿಗೆ ಗೊತ್ತಾದದ್ದು ಎರಡನೇ ರೌಂಡಿನಲ್ಲಿ.

ಮೊದಲ ಆಟಕ್ಕೆ ಪಾಯಿಂಟು ಲೆಕ್ಕ (ಒಂದೊಂದು ಗುಂಪಿಗೆ ಇಷ್ಟು ಬೆಲೆ ಹೇಳಿ), ಮಂತ್ರ, ಸ್ಪೆಷಲ್ ರೂಲು ಎಲ್ಲ ಬಿಡಿ. ಎಲ್ಲ ಕಾಯಿಗೂ ಕ್ವಾಲಿಟಿ 4+ (ಪೆಟ್ಟು ತಾಗ್ಲಿಕ್ಕೆ ಡೈಸಿನಲ್ಲಿ 4 ಅಥವಾ ಮೇಲೆ ಬರ್ಬೇಕು), ಡಿಫೆನ್ಸ್ 5+ (ತಡೀಲಿಕ್ಕೆ 5 ಅಥವಾ ಮೇಲೆ), ಒಂದು ಕಾಯಿಗೆ ಒಂದು ಡೈಸ್ ಪೆಟ್ಟು. ಹೀರೋಗೆ ಕ್ವಾಲಿಟಿ 3+, ಮೂರು ಪೆಟ್ಟು, ಮೂರು ಗಾಯ ಆದ್ರೆ ಮಾತ್ರ ಸಾಯ್ತಾನೆ. ಬಿಲ್ಲಿಗೆ 24 ಇಂಚು ರೇಂಜು. ಇಷ್ಟೇ. ಒಂದು ನೋಟ್‌ಬುಕ್ ಹಾಳೆಯ ಅರ್ಧದಲ್ಲಿ ಮುಗೀತದೆ.

ಅಂಕಣ ನಾಲ್ಕಡಿಗೆ ನಾಲ್ಕಡಿ ಇದ್ರೆ ಧಾರಾಳ. ಎಂಟಡಿಗೆ ನಾಲ್ಕಡಿಯ ಪ್ಲೈವುಡ್ ತಂದು ನಡುವಿಗೆ ಕೊಯ್ಸಿದ್ರೆ ಎರಡು ಅಂಕಣ, ಒಂದು ದೋಸ್ತಿಯ ಮನೆಗೆ. ಅದಿಲ್ಲದ್ರೆ ಜಗಲಿಯ ನೆಲದಲ್ಲಿ ಸೀಮೆಸುಣ್ಣದ ಗೆರೆ ಎಳೀರಿ, ಆದ್ರೆ ಎರಡು ಗಂಟೆ ಕುಕ್ಕರಗಾಲಿನಲ್ಲಿ ಕೂತ ಮೇಲೆ ಏಳ್ಲಿಕ್ಕೆ ಮತ್ತೊಬ್ಬ ಬೇಕು, ಅದು ನಿಮ್ಮ ಪ್ರಾಯಕ್ಕೆ ಬಿಟ್ಟದ್ದು. ಮೇಲೆ ಗುಡ್ಡ, ಕಾಡು, ಹಾಳುಬಿದ್ದ ಗೋಡೆ ಬೇಕೇ ಬೇಕು, ಖಾಲಿ ಅಂಕಣದಲ್ಲಿ ಬಿಲ್ಲಿನವನೇ ಗೆಲ್ಲುವುದು, ಅದ್ರಲ್ಲಿ ಎಂತ ಮಜಾ. ನಮ್ಮ ಊರಿನಲ್ಲಿ ಇದಕ್ಕೆಲ್ಲ ದುಡ್ಡು ಕೊಡುವುದು ಪೆದ್ದುತನ. ಮುರಕಲ್ಲಿನ ಚೂರು ಬೇಲಿ ಬದಿಯಲ್ಲೇ ಬಿದ್ದಿರ್ತದೆ, ಅದ್ರ ತೂತು ತೂತು ಮೈ ನೋಡಿದ್ರೆ ಬೇಕಲ ಕೋಟೆಯ ಗೋಡೆಯನ್ನೇ ಸಣ್ಣ ಮಾಡಿ ಇಟ್ಟ ಹಾಗೆ ಕಾಣ್ತದೆ. ಕವುಚಿದ ತೆಂಗಿನ ಗೆರಟೆ ಗುಡ್ಡ ಆಯ್ತು. ಸೊಪ್ಪಿನ ಗೆಲ್ಲು ಎರಡು ಮಣ್ಣಿನ ಉಂಡೆಗೆ ಕುತ್ತಿದ್ರೆ ಕಾಡು. ನಮ್ಮದ್ರಲ್ಲಿ ಹೊಳೆಯೂ ಉಂಟು, ಮೈಲುತುತ್ತಿನ ನೀಲಿ ಹಿಡಿದ ಹಳೇ ಟರ್ಪಾಲಿನ ತುಂಡು, ಅಷ್ಟು ಚಂದದ ನೀಲಿ ಯಾವ ಪೇಂಟಿನಲ್ಲೂ ಬರುವುದಿಲ್ಲ.

ಇದನ್ನೆಲ್ಲ ಇಟ್ಟ ಮೇಲೆ, ಡೈಸ್ ಮುಟ್ಟುವ ಮೊದಲೇ, ಒಂದೊಂದನ್ನೂ ಬೆರಳಿಟ್ಟು ಮಾತಾಡಿ ಮುಗಿಸ್ಬೇಕು. ಈ ಗೆಲ್ಲು ಕಾಡಾ, ಒಳಗೆ ಹೋದ್ರೆ 6 ಇಂಚಿನ ಮೇಲೆ ನಡೀಲಿಕ್ಕಿಲ್ವಾ? ಈ ಕಲ್ಲಿನ ಹಿಂದೆ ನಿಂತ್ರೆ ಮರೆ ಸಿಗ್ತದಾ? ಹೊಳೆ ದಾಟ್ಲಿಕ್ಕೆ ಆಗ್ತದಾ? ನಾವು ಮೊದಲ ದಿನ ಇದನ್ನು ಮಾಡ್ಲಿಲ್ಲ, ಮೂರನೇ ರೌಂಡಿನಲ್ಲಿ ಗೆರಟೆಯ ಹಿಂದಿನವ ಕಾಣ್ತಾನಾ ಇಲ್ವಾ ಹೇಳಿ ಕಾಲು ಗಂಟೆ ಚರ್ಚೆ. ರೂಲ್‌ಬುಕ್ಕು ಇಂಗ್ಲಿಷ್, ಅವನ ಮನೆಮಾತು ಮಲಯಾಳ, ನಂದು ಕನ್ನಡ, ಜಗಳ ಮಾತ್ರ ತುಳುವಿನಲ್ಲಿ. ಸಪ್ತಭಾಷೆಯ ಊರು ಹೇಳಿ ಸುಮ್ಮನೆ ಹೇಳುವುದಲ್ಲ.

ಇನ್ನು ಆಡುವ ಕ್ರಮ. ಇಬ್ರೂ ಅವರವರ ಬದಿಯಿಂದ 12 ಇಂಚಿನ ಒಳಗೆ ಸೈನ್ಯ ನಿಲ್ಲಿಸುವುದು, ಆಟದ ಒಡ್ಡೋಲಗ ಅದು. ನಡುವಿನ ಜಾಗದಲ್ಲಿ ಮೂರರಿಂದ ಐದು ಗುರುತು, ಒಂದಕ್ಕೊಂದು 9 ಇಂಚಿಗಿಂತ ದೂರ ಇರ್ಬೇಕು, ನಾವು ಅಡಿಕೆ ಇಟ್ಟದ್ದು. ನಾಲ್ಕು ರೌಂಡ್ ಮುಗಿಯುವಾಗ ಯಾರ ಕೈಯಲ್ಲಿ ಹೆಚ್ಚು ಅಡಿಕೆ ಉಂಟೋ ಅವ ಗೆದ್ದ. ಎಷ್ಟು ಜನ ಸತ್ರು ಹೇಳಿ ಯಾರೂ ಲೆಕ್ಕ ಹಾಕುವುದಿಲ್ಲ, ಇದು ಹೊಸಬರ ತಲೆಗೆ ಹೋಗ್ಲಿಕ್ಕೆ ಒಂದು ಆಟ ಸೋಲ್ಬೇಕು. ರೌಂಡ್ ಮುಗಿಯುವಾಗ ಅಡಿಕೆಯಿಂದ 3 ಇಂಚಿನ ಒಳಗೆ ನಿಮ್ಮವ್ರು ಇದ್ದು ಎದುರಿನವ್ರು ಇಲ್ಲದ್ರೆ ಅದು ನಿಮ್ದು, ಮತ್ತೆ ಬಿಟ್ಟು ಹೋದ್ರೂ ಬೇರೆಯವ ಬಂದು ಹಿಡಿಯುವವರೆಗೆ ನಿಮ್ದೇ.

ಒಬ್ಬ ಪೂರ್ತಿ ಸೈನ್ಯ ನಡೆಸಿ ಮತ್ತೊಬ್ಬ ಆಕಳಿಸ್ತಾ ಕೂರುವ ಆಟ ಅಲ್ಲ ಇದು. ಕತ್ತಿಯವ್ರು ಒಂದು ಗುಂಪು, ಬಿಲ್ಲಿನವ್ರು ಒಂದು, ಹೀರೋ ಒಂದು; ನೀವೊಂದು ಗುಂಪು, ಅವನೊಂದು ಗುಂಪು, ಹೀಗೆ ಸರದಿ. ಒಂದು ಗುಂಪಿಗೆ ನಾಲ್ಕು ದಾರಿ: ನಿಂತಲ್ಲೇ ನಿಂತು ಬಾಣ ಬಿಡುವುದು, 6 ಇಂಚು ನಡೆದು ಬಾಣ ಬಿಡುವುದು, ಬಾಣ ಬಿಡದೆ 12 ಇಂಚು ಓಡುವುದು, ಇಲ್ಲದ್ರೆ 12 ಇಂಚಿನ ಒಳಗಿನ ವೈರಿಯ ಮೇಲೆ ಚಾರ್ಜ್, ಹೇಳಿದ್ರೆ ನುಗ್ಗಿ ಕೈಕೈ ಹೊಡೆಯುವುದು. ಚಾರ್ಜ್ ಮಾಡದೆ ವೈರಿಯ ಒಂದು ಇಂಚಿನ ಒಳಗೆ ಹೋಗುವ ಹಾಗಿಲ್ಲ. ಒಂದು ಗುಂಪಿನ ಕಾಯಿಗಳು ಒಂದಕ್ಕೊಂದು ಒಂದು ಇಂಚಿನ ಒಳಗೆ ಇರ್ಬೇಕು, ಕುರಿಮಂದೆಯ ಹಾಗೆ. ಯಾರ ಗುಂಪುಗಳ ಸರದಿ ಮೊದಲು ಮುಗೀತದೋ ಅವನೇ ಮುಂದಿನ ರೌಂಡಿನಲ್ಲಿ ಮೊದಲು, ಹಾಗಾಗಿ ಕಮ್ಮಿ ಗುಂಪು ಇದ್ದವನಿಗೂ ಒಂದು ಲಾಭ ಉಂಟು.

ಪೆಟ್ಟಿನ ಲೆಕ್ಕ ಸುಲಭ. ಆರು ಡೈಸ್ ಹಾಕಿದ್ರಿ, 4+ ಬೇಕು, ಸರಾಸರಿ ಮೂರು ತಾಗ್ತದೆ. ಎದುರಿನವ ಆ ಮೂರಕ್ಕೆ ಡೈಸ್ ಹಾಕ್ತಾನೆ, 5 ಅಥವಾ 6 ಬಂದ್ರೆ ತಡೆದ, ಮೂರರಲ್ಲಿ ಒಂದು ತಡೀತದೆ, ಇಬ್ರು ಸಾಯ್ತಾರೆ. ಅದೇ ಅವ ಕಲ್ಲಿನ ಮರೆಯಲ್ಲಿದ್ರೆ ಬಾಣಕ್ಕೆ ಡಿಫೆನ್ಸ್ ಒಂದು ಹೆಚ್ಚು ಸಿಗ್ತದೆ, 4ಕ್ಕೂ ತಡೀತದೆ, ಸಾಯುವವ್ರು ಎರಡರಿಂದ ಒಂದೂವರೆಗೆ ಇಳೀತಾರೆ. ಸಣ್ಣದು ಹೇಳಿ ಕಾಣ್ತದೆ, ನಾಲ್ಕು ರೌಂಡಿನಲ್ಲಿ ಅದೇ ಎರಡು ಜೀವ. ದೋಸ್ತಿಗೆ ಇದನ್ನು ಬಾಯಿಯಲ್ಲಿ ಹೇಳ್ಬೇಡಿ, ಅವನ ಹತ್ರವೇ ಡೈಸ್ ಹಾಕಿಸಿ.

ಕೈಕೈ ಹೊಡೆದಾಟದಲ್ಲಿ ಎರಡು ಸಂಗತಿ ಎಲ್ರಿಗೂ ಮರೀತದೆ. ಒಂದು, ಪೆಟ್ಟು ತಿಂದ ಗುಂಪು ತಿರುಗಿ ಹೊಡೀಬಹುದು, ಸತ್ತು ಉಳಿದವ್ರು ಎಷ್ಟೋ ಅಷ್ಟು ಡೈಸ್. ಇನ್ನೊಂದು, ಒಮ್ಮೆ ಹೊಡೆದ ಗುಂಪಿಗೆ ಆ ರೌಂಡಿನಲ್ಲಿ ಸುಸ್ತು, ಮತ್ತೆ ಹೊಡೆದ್ರೆ 6 ಬಂದ್ರೆ ಮಾತ್ರ ತಾಗ್ತದೆ.

ನಮ್ಮ ಮೊದಲ ಆಟದ ಮೂರನೇ ರೌಂಡ್ ಹೇಳ್ತೇನೆ, ಕೇಳಿ. ನಡುವಿನ ಅಡಿಕೆಯ ಹತ್ರ ನನ್ನ ಐದು ಕಪ್ಪು ಕಾಯಿ, ಅವನ ಐದು ಬಿಳಿ 11 ಇಂಚಿನಲ್ಲಿ. ಅವ ಟೇಪ್ ಎಳೆದು ನಕ್ಕ, ಚಾರ್ಜ್. ಐದು ಡೈಸಿನಲ್ಲಿ ನಾಲ್ಕು ತಾಗಿತು. ನಾನು ನಾಲ್ಕಕ್ಕೆ ಹಾಕಿದ್ದು 1, 2, 2, 5, ಒಂದು ತಡೆದೆ, ಮೂವರು ಹೋದ್ರು. ಉಳಿದ ಇಬ್ರು ತಿರುಗಿ ಹೊಡೆದು ಅವನ ಒಂದನ್ನು ತೆಗೆದ್ರು. ಕಮ್ಮಿ ಗಾಯ ಮಾಡಿದವ ಧೈರ್ಯದ ಪರೀಕ್ಷೆ ಕೊಡ್ಬೇಕು, ಗುಂಪು ಅರ್ಧಕ್ಕೆ ಇಳಿದಿದ್ರೆ ಫೇಲಾದ್ರೆ ಓಟ, ಅಂಕಣದಿಂದಲೇ ಹೊರಗೆ. ನನಗೆ ಬೇಕಾದದ್ದು ಕ್ವಾಲಿಟಿಯ ಆ 4+. ಡೈಸ್ ಗೆರಟೆಗೆ ತಾಗಿ ಓರೆಯಾಗಿ ನಿಂತಿತು. ಮೊದಲೇ ಮಾತಾಡಿದ್ದೆವು, ಓರೆ ನಿಂತ್ರೆ ಮತ್ತೆ ಹಾಕುವುದು. ಹಾಕಿದೆ, 4. ಇಬ್ರೂ ನಿಂತ್ರು. ಮತ್ತೆ ನನ್ನ ಸರದಿ, ರಾಣಿ ಬಂದು ಆ ಸುಸ್ತಾದ ನಾಲ್ವರ ಮೇಲೆ ಬಿದ್ದಳು, ಇಬ್ರನ್ನು ತೆಗೆದಳು, ಉಳಿದ ಇಬ್ರಿಗೆ ತಿರುಗಿ ಹೊಡೀಲಿಕ್ಕೆ 6 ಬೇಕು, ಬರ್ಲಿಲ್ಲ, ಪರೀಕ್ಷೆಯಲ್ಲಿ ಫೇಲು. ಎರಡು ಬಡಕಲು ಕಾಯಿ ನಿಂತದ್ರಿಂದ ಅಡಿಕೆ ನನ್ನದಾಯ್ತು. ದೋಸ್ತಿ ಎದ್ದು ಹೋಗಿ ನೀರು ಕುಡಿದು ಬಂದ.

ಈಗ ನಾನು ಹೇಳ್ಬೇಕು ಹೇಳಿ ಇದ್ದ ಮಾತು. ಮನಸ್ಸಿನಲ್ಲಿ ಇದ್ದದ್ದನ್ನು ಬಾಯಿ ಬಿಟ್ಟು ಹೇಳಿ ಆಡಿ. ಈ ರೂಲ್ಸಿನಲ್ಲಿ ಯಾವಾಗ ಬೇಕಾದ್ರೂ ಅಳೀಬಹುದು. "ನಾನು ಇವ್ರನ್ನು ನಿನ್ನಿಂದ 13 ಇಂಚು ದೂರ ನಿಲ್ಲಿಸ್ತಾ ಇದ್ದೇನೆ, ನಿನ್ನ ಚಾರ್ಜಿಗೆ ಸಿಕ್ಬಾರ್ದು ಹೇಳಿ, ಸರಿಯಾ?" ಅವ ಅಳೆದು ಹೂಂ ಹೇಳ್ತಾನೆ. ಮತ್ತೆ ಯಾರದೋ ಮೊಣಕೈ ತಾಗಿ ಕಾಯಿ ಅರ್ಧ ಇಂಚು ಜರುಗಿದ್ರೂ ಜಗಳ ಇಲ್ಲ, ಇಬ್ರಿಗೂ ಗೊತ್ತುಂಟು ಅದೆಲ್ಲಿತ್ತು ಹೇಳಿ. ಹಾಗೇ ಹೊಸಬ ಗುಂಡಿಗೆ ಬೀಳ್ಲಿಕ್ಕೆ ಹೊರಟಾಗ "ಅಲ್ಲಿ ಹೋದ್ರೆ ನನ್ನ ಬಿಲ್ಲಿನವ್ರಿಗೆ ಸಿಕ್ತಿ ನೋಡು" ಹೇಳಿ. ಅಷ್ಟು ಹೇಳಿದ ಮೇಲೂ ಹೋದ್ರೆ ಅವನ ಕರ್ಮ, ಬಾಣ ಬಿಡಿ. ಗುಟ್ಟಿನಲ್ಲಿ ಇಟ್ಟು ಗೆದ್ದ ಆಟದ ಮೇಲೆ ದೋಸ್ತಿ ಮುಂದಿನ ವಾರ ಬರುವುದಿಲ್ಲ, ನನಗೆ ಒಬ್ಬ ಹಾಗೆ ಹೋಗಿ ಆಗಿದೆ.

ಎರಡು ಮೂರು ಆಟ ಆಗಿ ಇಬ್ರಿಗೂ ಹುಚ್ಚು ಹಿಡಿದ್ರೆ ಮಾತ್ರ ಬೊಂಬೆಗೆ ಹೋಗಿ. ಆರ್ಮಿ ಫೋರ್ಜ್ ಹೇಳುವ, ಒನ್ ಪೇಜ್ ರೂಲ್ಸ್‌ನವರದೇ ಫ್ರೀ ಆ್ಯಪಿನಲ್ಲಿ 500 ಪಾಯಿಂಟಿನ ಲಿಸ್ಟ್ ಮಾಡಿ, ಇಬ್ರೂ ಸಮ ಪಾಯಿಂಟು. ತ್ರೀಡಿ ಪ್ರಿಂಟರ್ ಇದ್ದ ಯಾರಾದ್ರೂ ಪರಿಚಯ ಇದ್ರೆ ಕಮ್ಮಿಗೆ ಆಗ್ತದೆ. ಸಣ್ಣ ಬೊಂಬೆಯ ಬೇಸ್ ಮಾಡ್ಲಿಕ್ಕೆ 2012ರಿಂದ 2018ರ ಒಳಗಿನ ಎರಡು ರುಪಾಯಿ ನಾಣ್ಯ ಇಟ್ಟು ರಟ್ಟಿನ ಮೇಲೆ ಗೆರೆ ಎಳೀರಿ, ಅದು ಸರಿಯಾಗಿ 25 ಮಿಲಿಮೀಟರ್.

ಮಳೆಗಾಲದಲ್ಲಿ ಪೇಂಟ್ ಮಾಡುವವ್ರು ಒಂದು ನೆನಪಿಡಿ, ಬಣ್ಣದ ಅಡಿಗೆ ಹಾಕುವ ಸ್ಪ್ರೇ ಪ್ರೈಮರ್ ಮುಟ್ಟಲೇ ಬೇಡಿ. ಗಾಳಿಯಲ್ಲಿ ಅಷ್ಟು ಪಸೆ ಇರುವಾಗ ಅದು ಬೊಂಬೆಯ ಮೇಲೆ ಹುಡಿಹುಡಿಯಾಗಿ ಕೂರ್ತದೆ, ನನ್ನ ಆರು ಓರ್ಕ್‌ಗಳು ಅಕ್ಕಿಹಿಟ್ಟಿನಲ್ಲಿ ಹೊರಳಿದ ಹಾಗೆ ಲಗಾಡಿ ಆದದ್ದು ಹಾಗೆ. ಬ್ರಶ್ಶಿನಲ್ಲಿ ಬಳಿಯುವ ಪ್ರೈಮರ್ ತೆಗೊಳ್ಳಿ. ಸೂಪರ್‌ಗ್ಲೂ ಒಣಗುವುದೇ ಪಸೆಯಿಂದ, ಹಾಗಾಗಿ ರಪ್ಪ ಹಿಡೀತದೆ, ಆದ್ರೆ ಹೆಚ್ಚು ಹಾಕಿದ್ರೆ ಸುತ್ತ ಬೆಳ್ಳಗೆ ಪೊರೆ ಕಟ್ತದೆ, ಒಂದು ಹನಿ ಸಾಕು. ಬಣ್ಣಕ್ಕೆ ನೀರು ಸೇರಿಸಿ ತೆಳ್ಳಗೆ ಎರಡು ಸಲ ಬಳೀರಿ, ದಪ್ಪ ಬಳಿದ್ರೆ ಮುಖದ ಮೂಗು ಬಾಯಿ ಎಲ್ಲ ತುಂಬಿ ಹೋಗ್ತದೆ. ನನ್ನ ದೋಸ್ತಿ ಅವನ ಓರ್ಕ್ ಹೀರೋನ ಮುಖಕ್ಕೆ ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷದ ಹಾಗೆ ಚುಟ್ಟಿ ಇಟ್ಟಿದ್ದಾನೆ, ಹಲ್ಲುಕಡ್ಡಿಯ ತುದಿಯಿಂದ ಒಂದೊಂದೇ ಬಿಳಿ ಚುಕ್ಕೆ, ಕೆನ್ನೆಯ ಅಂಚಿನಲ್ಲಿ ಹದಿನಾಲ್ಕು ಚುಕ್ಕೆ, ಲೆಕ್ಕ ಮಾಡಿದ್ದೇನೆ. ಇಂಗ್ಲೆಂಡಿನವ್ರು ನೋಡಿದ್ರೆ ಎಂತ ಹೇಳ್ತಾರೋ, ನಮ್ಮಲ್ಲಿ ಅವ ಅಂಕಣಕ್ಕೆ ಇಳಿದ್ರೆ ಚೆಂಡೆ ಬಾಯಿಯಲ್ಲೇ ಬಾರಿಸ್ತೇವೆ.

ಮತ್ತೆ ಕೊನೆಯ ರೌಂಡ್ ಆಗ್ಲಿಕ್ಕಿರುವಾಗ ಎದ್ದು ಹೋಗ್ಬೇಕಾದ್ರೆ ಮೇಲಿಂದ ಒಂದು ಫೋಟೋ ತೆಗೆದಿಡಿ. ಕಳೆದ ಸಲ ಮಳೆ ನಿಂತಿತು, ಅಪ್ಪ ಮದ್ದು ಬಿಡುವವ್ರನ್ನು ಕರೆದ್ರು, ನಾವು ಫೋಟೋ ತೆಗೀದೆ ತೋಟಕ್ಕೆ ಓಡಿದ್ದು. ಸಾಯಂಕಾಲ ಬಂದು ನೋಡಿದ್ರೆ ಹೇಂಟೆ ಅಂಕಣದ ನಡುವಿನಲ್ಲಿ ಕೂತಿದೆ, ಸ್ಟ್ರೈಕರ್ ಮೆಟ್ಟಿಲ ಕೆಳಗೆ, ಗುರುತಿನ ಅಡಿಕೆ ಎರಡು ಅಮ್ಮ ಗುಡಿಸಿ ಗೋಣಿಗೆ ಹಾಕಿ ಆಗಿದೆ. ದೋಸ್ತಿ ಈಗಲೂ ಹೇಳ್ತಾನೆ ಅದು ಅವನೇ ಗೆಲ್ಲುತ್ತಿದ್ದ ಆಟ ಹೇಳಿ.