ವೇದಿಕೆಯಲ್ಲಿ ಟ್ಯಾಬ್ ನೋಡಿಕೊಂಡು ಹಾಡುವುದು ಹೇಗೆ?

ಹಾಡುವವರಿಗೆ ವೇದಿಕೆಯಲ್ಲಿ ಕೈಕೊಡುವುದು ಹೆಚ್ಚಾಗಿ ಎರಡನೇ ಚರಣದ ಮೊದಲ ಪದ. ಅದೊಂದು ಸಿಕ್ಕರೆ ಉಳಿದ ಸಾಲು ತಾನಾಗಿ ಬರುತ್ತದೆ. ಎದುರಿಗಿರುವ ಟ್ಯಾಬ್ ಆ ಪದವನ್ನು ನೆನಪಿಸಿದರೆ ಸಾಕು. ಇಡೀ ಹಾಡನ್ನು ಓದಲು ಹೊರಟರೆ ದನಿ ಚಪ್ಪಟೆಯಾಗುತ್ತದೆ, ಕೇಳುಗರಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಮೊದಲ ಕೆಲಸ, ಸಾಹಿತ್ಯ ಮತ್ತು ಗಿಟಾರ್ ಕಾರ್ಡ್‌ಗಳನ್ನು (chord, ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಟೈಪ್ ಮಾಡಿಕೊಳ್ಳುವುದು. ಫೋಟೊ ತೆಗೆದಿಟ್ಟುಕೊಳ್ಳಬೇಡಿ. ಕಾರ್ಡ್‌ಗಳನ್ನು ಸಾಲಿನ ಮೇಲೆ ಖಾಲಿ ಜಾಗ ಬಿಟ್ಟು ಬರೆದರೂ ತೊಂದರೆಯೇ: ಅಕ್ಷರ ದೊಡ್ಡದು ಮಾಡಿದೊಡನೆ ಅವು ಅತ್ತಿತ್ತ ಸರಿಯುತ್ತವೆ. 1990ರ ದಶಕದಿಂದ ಬಳಕೆಯಲ್ಲಿರುವ ‘ಕಾರ್ಡ್‌ಪ್ರೊ’ ಪದ್ಧತಿಯಲ್ಲಿ, ಕಾರ್ಡ್ ಬದಲಾಗುವ ಅಕ್ಷರದ ಮುಂದೆಯೇ ಚೌಕ ಆವರಣದಲ್ಲಿ ಅದರ ಹೆಸರನ್ನು [G], [D] ಎಂದು ಬರೆಯುತ್ತಾರೆ. ಆನ್‌ಸಾಂಗ್, ಮೊಬೈಲ್‌ಶೀಟ್ಸ್‌ನಂಥ ಆ್ಯಪ್‌ಗಳು ಇದನ್ನು ಓದಿ ಕಾರ್ಡನ್ನು ಸರಿಯಾದ ಜಾಗದಲ್ಲಿ ತೋರಿಸುತ್ತವೆ. ಗಂಟಲು ಸರಿಯಿಲ್ಲದ ದಿನ ಶ್ರುತಿಯನ್ನು ಎರಡು ಅರ್ಧಸ್ವರ ಇಳಿಸಬೇಕೆನ್ನಿ. ಆ್ಯಪ್‌ಗೆ ಅಷ್ಟು ಹೇಳಿದರೆ ಸಾಕು, ಜಿ ಎಂಬುದು ಎಫ್, ಡಿ ಎಂಬುದು ಸಿ ಆಗಿ ಹಾಡಿಡೀ ಒಮ್ಮೆಲೇ ಬದಲಾಗುತ್ತದೆ. ಈ ಒಂದು ಅನುಕೂಲಕ್ಕಾಗಿಯಾದರೂ ಟೈಪ್ ಮಾಡುವ ಶ್ರಮ ಪಡಬೇಕು.

ಇನ್ನು ಟ್ಯಾಬನ್ನು ಮಗುಚಿಟ್ಟು ಒಮ್ಮೆ ಹಾಡಿ ನೋಡಿ. ಎಲ್ಲಿ ತಡವರಿಸಿದಿರೋ ಆ ಪದಗಳನ್ನಷ್ಟೇ ದಪ್ಪಗೆ ಮಾಡಿ. ಹಾಡು ಒಂದೇ ಪುಟಕ್ಕೆ ಹಿಡಿಸದಿದ್ದರೆ, ಪಲ್ಲವಿ ಬರುವ ಕಡೆಯೆಲ್ಲ ಅದನ್ನು ಮತ್ತೆ ಬರೆಯಿರಿ. ಹಾಡುತ್ತಾ ಹಿಂದಿನ ಪುಟಕ್ಕೆ ಹೋಗಿ ಬರುವುದು ಆಗದ ಮಾತು.

ಪುಟ ತಾನಾಗಿ ಸರಿಯುವ ಸೌಲಭ್ಯವನ್ನು ನಾನಂತೂ ಸಲಹೆ ಮಾಡುವುದಿಲ್ಲ. ಜನ ಚಪ್ಪಾಳೆ ತಟ್ಟಿದಾಗ ಪಲ್ಲವಿಯನ್ನು ಇನ್ನೊಮ್ಮೆ ಹಾಡಬೇಕೆನಿಸುತ್ತದೆ, ತೆರೆ ಮಾತ್ರ ಕಾಯದೆ ಮುಂದೆ ಹೋಗಿರುತ್ತದೆ. ಅದರ ಬದಲು ಕಾಲಿನಲ್ಲಿ ಒತ್ತುವ ಬ್ಲೂಟೂತ್ ಪೆಡಲ್ ಒಳ್ಳೆಯದು. ಟ್ಯಾಬ್ ಅದನ್ನು ಕೀಬೋರ್ಡ್ ಎಂದೇ ತಿಳಿಯುತ್ತದೆ. ಒತ್ತಿದಾಗ ಬಾಣದ ಕೀ ಒತ್ತಿದಂತಾಗಿ ಪುಟ ತಿರುಗುತ್ತದೆ. ಕೊನೆಯ ಸಾಲು ಶುರುವಾಗುವಾಗಲೇ ಒತ್ತಿ, ಏಕೆಂದರೆ ಕಣ್ಣು ಯಾವಾಗಲೂ ಬಾಯಿಗಿಂತ ಒಂದು ಸಾಲು ಮುಂದಿರಬೇಕು.

ಸ್ಟ್ಯಾಂಡ್ ಎದೆಮಟ್ಟಕ್ಕಿಂತ ಕೆಳಗೆ, ತುಸು ಪಕ್ಕಕ್ಕಿರಲಿ, ಮುಖ ಮರೆಯಾಗಬಾರದು. ಕತ್ತಲ ವೇದಿಕೆಯಲ್ಲಿ ಕಪ್ಪು ಹಿನ್ನೆಲೆ, ಬಿಳಿ ಅಕ್ಷರ ಇಟ್ಟುಕೊಳ್ಳಿ, ಇಲ್ಲದಿದ್ದರೆ ಬೆಳಕು ಕೆಳಗಿನಿಂದ ಮುಖಕ್ಕೆ ಹೊಡೆಯುತ್ತದೆ. ಬಯಲಿನ ಕಾರ್ಯಕ್ರಮವಾದರೆ ನೆರಳು ಹುಡುಕಿ: ಐಪ್ಯಾಡ್ ಬಳಕೆಗೆ ಆ್ಯಪಲ್ ಹೇಳುವ ಮಿತಿ 35 ಡಿಗ್ರಿ ಸೆಲ್ಸಿಯಸ್, ತೀರಾ ಬಿಸಿಯಾದರೆ ಅದು ಕೆಲಸ ನಿಲ್ಲಿಸಿಬಿಡುತ್ತದೆ.

ಹಾಡಲು ಏರುವ ಮೊದಲು ಏರ್‌ಪ್ಲೇನ್ ಮೋಡ್ ಹಾಕಿ, ಬ್ಲೂಟೂತ್ ಚಾಲೂ ಇದೆಯೇ ನೋಡಿ. ತೆರೆ ತಾನಾಗಿ ಆರಿಹೋಗುವ ಆಯ್ಕೆಯನ್ನು ತೆಗೆದುಹಾಕಿ. ಹಾಡುಗಳ ಪಟ್ಟಿಯ ಕಾಗದದ ಪ್ರತಿಯೊಂದು ಸ್ಟ್ಯಾಂಡಿನ ಹಿಂದಿರಲಿ. ಪೆಡಲ್ ಅಭ್ಯಾಸವನ್ನು ಮಾತ್ರ ಅಂದು ಹಾಕಿಕೊಳ್ಳುವ ಪಾದರಕ್ಷೆಯಲ್ಲೇ ಮಾಡಿ. ದಪ್ಪ ಅಟ್ಟೆಯಡಿ ಗುಂಡಿ ಒತ್ತಿತೋ ಇಲ್ಲವೋ ಕಾಲಿಗೆ ತಿಳಿಯುವುದಿಲ್ಲ.