ಒಂದು ತಿರುಪು, ನೂರಮೂವತ್ತು ಕ್ಯಾಸೆಟ್: ಕಳೆದ ವರ್ಷದ ಮೆಚ್ಚಿನ ಧ್ವನಿಸುರುಳಿಗಳನ್ನು ಆರಿಸಿದ ಬಗೆ

ಕಳೆದ ವರ್ಷ ನನಗೆ ಅತ್ಯಂತ ಪ್ರಿಯವಾದ ಧ್ವನಿಸುರುಳಿ ಮಲ್ಲಿಕಾರ್ಜುನ ಮನ್ಸೂರರ ವಚನಗಾಯನದ ಕ್ಯಾಸೆಟ್. ಅದು ಸಾಗರದ ನಮ್ಮ ಮನೆಯ ಅಟ್ಟದಲ್ಲಿ ಮೂವತ್ತು ವರ್ಷಗಳಿಂದ ಇತ್ತು. ಆದರೆ ಅದರೊಳಗಿನ ತಂಬೂರಿಯನ್ನು ತಂಬೂರಿಯಾಗಿಯೇ ಕೇಳಿದ್ದು ಕಳೆದ ಆಷಾಢದಲ್ಲಿ, ಕ್ಯಾಸೆಟ್ ನುಡಿಸುವ ಡೆಕ್‌ನ ಹೆಡ್ಡಿನ (ರೀಲಿನಿಂದ ಧ್ವನಿ ಓದುವ ಭಾಗದ) ಪಕ್ಕದ ಸಣ್ಣ ತಿರುಪನ್ನು ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿದ ಮೇಲೆ. ವರ್ಷದ ಮೆಚ್ಚಿನ ಸಂಗೀತವನ್ನು ನಾನು ಆರಿಸಿದ್ದು ಹೀಗೆಯೇ: ಪ್ರತಿ ಕ್ಯಾಸೆಟ್ಟಿನ ಪ್ರತಿ ಬದಿಗೂ ಅಜಿಮತ್ತನ್ನು, ಅಂದರೆ ರೀಲಿಗೆ ಹೆಡ್ ನಿಲ್ಲುವ ಕೋನವನ್ನು, ಬೇರೆ ಬೇರೆಯಾಗಿ ಹೊಂದಿಸಿ, ಸದ್ದು ತೆಗೆಯುವ ಯಾವ ಸಾಫ್ಟ್‌ವೇರನ್ನೂ ಬಳಸದೆ ಕಂಪ್ಯೂಟರಿಗೆ ಇಳಿಸಿಕೊಂಡು, ಮೊದಲಿನಿಂದ ಕೊನೆಯವರೆಗೆ ಮೂರು ಸಲ ಕೇಳಿ.

ಇದನ್ನು ಆರಂಭಿಸಿದಾಗ ಬೆಂಬಲಿಸಿದವರು ಯಾರೂ ಇರಲಿಲ್ಲ. "ಎಲ್ಲವೂ ಯೂಟ್ಯೂಬಿನಲ್ಲಿ ಸಿಗುತ್ತದಲ್ಲ ಮಾರಾಯ್ರೇ, ಈ ಬೂಷ್ಟು ಹಿಡಿದ ರೀಲಿಗೆ ಯಾಕೆ ದುಡ್ಡು ಸುರಿಯುತ್ತೀರಿ?" ಎಂದು ಹಿರಿಯ ಗೆಳೆಯರೊಬ್ಬರು ನೇರವಾಗಿಯೇ ಕೇಳಿದರು. ನನ್ನಂತೆಯೇ ಕ್ಯಾಸೆಟ್ ಕೂಡಿಡುವ ಇಬ್ಬರು, ಒಂದೇ ಹೊಂದಾಣಿಕೆಯಲ್ಲಿ ಎಲ್ಲವನ್ನೂ ಇಳಿಸಿ ಆಮೇಲೆ ಸಾಫ್ಟ್‌ವೇರಿನಲ್ಲಿ ಸರಿಮಾಡಿದರೆ ಸಾಕು, ಬದಿಗೊಂದು ಸಲ ತಿರುಪು ಮುಟ್ಟುವುದು ಹುಚ್ಚು ಎಂದರು. ಅವರ ಮಾತು ಕೇಳಿ ಮೊದಲ ನಲವತ್ತು ಕ್ಯಾಸೆಟ್‌ಗಳನ್ನು ಹಾಗೆಯೇ ಇಳಿಸಿದೆ. ಎರಡು ತಿಂಗಳ ಸಂಜೆಗಳು ಅದಕ್ಕೆ ಹೋದವು, ಕೊನೆಗೆ ನಲವತ್ತನ್ನೂ ಮತ್ತೆ ಮಾಡಬೇಕಾಯಿತು. ರೀಲಿನ ಸುಯ್ ಎನ್ನುವ ಸದ್ದನ್ನು ಅಳಿಸಲು ಹೋದ ಸಾಫ್ಟ್‌ವೇರ್ ತಂಬೂರಿಯ ಜವಾರಿಯನ್ನೂ (ತಂತಿಯ ಝೇಂಕಾರವನ್ನೂ) ಅದರೊಂದಿಗೆ ಒಯ್ದಿತ್ತು. ಹಿನ್ನೆಲೆ ನಿಶ್ಶಬ್ದವಾಗಿತ್ತು, ಹಾಡು ಮಾತ್ರ ನೀರಿನೊಳಗಿನಿಂದ ಬಂದಂತಿತ್ತು.

ಅದಕ್ಕೂ ಮೊದಲು ಇನ್ನೊಂದು ನಷ್ಟವಾಗಿತ್ತು. ಬೆಂಗಳೂರಿನ ಒಂದು ಸ್ಟುಡಿಯೋಗೆ ಇಪ್ಪತ್ತು ಕ್ಯಾಸೆಟ್ ಕೊಟ್ಟು, ಒಂದಕ್ಕೆ ₹250ರಂತೆ ಐದು ಸಾವಿರ ತೆತ್ತಿದ್ದೆ. ಹಿಂದಿರುಗಿ ಬಂದದ್ದು ಒತ್ತಿ ಚಿಕ್ಕದಾಗಿಸಿದ ಎಂಪಿ3 ಕಡತಗಳು. ಎರಡು ಕ್ಯಾಸೆಟ್‌ಗಳಲ್ಲಿ ಎ ಬದಿಯನ್ನೇ ಎರಡು ಸಲ ಇಳಿಸಿದ್ದರು. ಡೆಕ್ ನಾನೇ ಕೊಳ್ಳಬೇಕೆಂದು ನಿಶ್ಚಯಿಸಿದ್ದು ಆಗ. ಚಿಕ್ಕಪೇಟೆಯ ಸಂಡೇ ಬಜಾರಿನಲ್ಲಿ ₹1,800ಕ್ಕೆ ತಂದ ಮೊದಲ ಡೆಕ್ಕಿನ ಬೆಲ್ಟ್ ಕರಗಿ ಟಾರಿನಂತೆ ಪುಲ್ಲಿಗೆ ಅಂಟಿಕೊಂಡಿತ್ತು. ಬಿಡಿಸಿ ತೊಳೆದು ಹೊಸ ಬೆಲ್ಟ್ ಹಾಕಿದರೂ ಹೆಡ್ ಸವೆದಿದ್ದರಿಂದ ಪ್ರಯೋಜನವಾಗಲಿಲ್ಲ. ಎರಡನೆಯದಕ್ಕೆ ಆರು ಸಾವಿರದಷ್ಟಾಯಿತು. ಎಸ್.ಪಿ. ರಸ್ತೆಯಲ್ಲಿ ಬೆಲ್ಟ್, ರೀಲನ್ನು ಒತ್ತಿ ಎಳೆಯುವ ಪಿಂಚ್ ರೋಲರ್, ಐಸೊಪ್ರೊಪೈಲ್ ಆಲ್ಕೋಹಾಲ್, ತಂತಿಗಳು ಎಂದು ಸಾವಿರದೈನೂರು, ಡೆಕ್ಕಿನ ಧ್ವನಿಯನ್ನು ಕಂಪ್ಯೂಟರಿಗೆ ಕೊಡುವ ಆಡಿಯೋ ಇಂಟರ್‌ಫೇಸಿಗೆ ಏಳು ಸಾವಿರ, ಹಾರ್ಡ್‌ಡಿಸ್ಕಿಗೆ ನಾಲ್ಕೂವರೆ. ಸ್ಟುಡಿಯೋಗೆ ಕೊಟ್ಟದ್ದೂ ಸೇರಿ ಇಪ್ಪತ್ತಾರು ಸಾವಿರದ ಆಸುಪಾಸು. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಇಳಿಸಿದರೆ ಗಂಟೆಗೆ ಸುಮಾರು ಒಂದು ಜಿಬಿ ಬೇಕಾಗುವುದರಿಂದ ಡಿಸ್ಕಿನಲ್ಲಿ ಜಿಪುಣತನ ಮಾಡಬಾರದು.

ತಿರುಪಿನ ವಿಷಯಕ್ಕೆ ಬರುತ್ತೇನೆ. ನಮ್ಮ ಹಳೆಯ ಕ್ಯಾಸೆಟ್‌ಗಳಲ್ಲಿ ಬಹುಪಾಲು ಮೋನೋ, ಅಂದರೆ ಎಡಕ್ಕೂ ಬಲಕ್ಕೂ ಇರುವುದು ಒಂದೇ ಧ್ವನಿ. ಎರಡನ್ನೂ ಕೂಡಿಸಿ ಹೆಡ್‌ಫೋನಿನಲ್ಲಿ ಕೇಳುತ್ತ ತಿರುಪನ್ನು ಕೂದಲೆಳೆಯಷ್ಟು ಆಚೀಚೆ ಮಾಡಿದರೆ, ಒಂದು ಜಾಗದಲ್ಲಿ ತಾಳದ ಕಂಚಿನ ಸದ್ದು ಥಟ್ಟನೆ ತೆರೆದುಕೊಳ್ಳುತ್ತದೆ. ಅದನ್ನು ದಾಟಿದರೆ ಮತ್ತೆ ಮಸುಕಾಗುತ್ತದೆ. ಆ ಜಾಗ ಎ ಬದಿಗೊಂದು, ಬಿ ಬದಿಗೊಂದು. ಊರಿನ ರೆಕಾರ್ಡಿಂಗ್ ಅಂಗಡಿಗಳಲ್ಲಿ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಂಡು ಬಂದ ಪ್ರತಿಗಳಲ್ಲಂತೂ ಈ ವ್ಯತ್ಯಾಸ ವಿಪರೀತ, ಏಕೆಂದರೆ ಅಂಗಡಿಯ ಡೆಕ್ಕಿನ ಹೆಡ್ ಎಷ್ಟು ವಾಲಿತ್ತೋ ಅಷ್ಟೇ ವಾಲಿಕೆ ರೀಲಿನಲ್ಲಿಯೂ ಅಚ್ಚಾಗಿರುತ್ತದೆ. ಹಾಡಿನ ಯಾವ ಭಾಗದಲ್ಲಿ ನಿಲ್ಲಿಸಿ ಹೊಂದಿಸಿದರೆ ಎರಡೇ ನಿಮಿಷದಲ್ಲಿ ಕೆಲಸ ಮುಗಿಯುತ್ತದೆ ಎಂಬುದು ನನಗೆ ಮೂರು ತಿಂಗಳ ಮೇಲೆ ಹೊಳೆಯಿತು. ಅದು ಸದ್ಯಕ್ಕೆ ನನ್ನಲ್ಲಿಯೇ ಇರಲಿ. ರೀಲನ್ನು ಹೆಡ್ಡಿಗೆ ಒತ್ತುವ ಫೆಲ್ಟ್ ಪ್ಯಾಡ್ ಕಳಚಿದ್ದರೆ ಅದನ್ನು ಕೂರಿಸಲು ನಾನು ಬಳಸುವ ಅಂಟಿನ ಹೆಸರನ್ನೂ ಈಗ ಹೇಳುವುದಿಲ್ಲ. ಆ ಅಂಟು ಹಾಕಿದ ಮೂವತ್ತಕ್ಕೂ ಹೆಚ್ಚು ಪ್ಯಾಡ್‌ಗಳಲ್ಲಿ ಒಂದೂ ಮತ್ತೆ ಬಿದ್ದಿಲ್ಲ ಎಂಬುದನ್ನು ಮಾತ್ರ ಹೆಮ್ಮೆಯಿಂದ ಹೇಳಬಲ್ಲೆ.

ಬೂಷ್ಟಿನ ವಿಷಯದಲ್ಲಿ ಒಂದು ಪ್ರಯೋಗ ಕೆಟ್ಟಿತು. ಮಲೆನಾಡಿನ ಮಳೆಯಲ್ಲಿ ತೇವ ಎಳೆದುಕೊಂಡ ಕ್ಯಾಸೆಟ್‌ಗಳನ್ನು ಒಣಗಿಸಲು ಮನೆಯ ಅಡಿಕೆ ಡ್ರೈಯರಿನಲ್ಲಿ ಆರನ್ನು ಇಟ್ಟೆ. ಮೂರರ ಕವಚ ಸೊಟ್ಟಗಾಯಿತು, ರೀಲು ಉಳಿಯಿತು. ತಿರುಪುಗಳಿಲ್ಲದೆ ಅಂಟಿಸಿಯೇ ಮುಚ್ಚಿದ ಅಗ್ಗದ ಕವಚಗಳಾದ್ದರಿಂದ ಅಂಚಿನಲ್ಲಿ ಬ್ಲೇಡ್ ಆಡಿಸಿ ಒಡೆದು, ಐದು ತಿರುಪಿನ ಬೇರೆ ಕವಚಕ್ಕೆ ರೀಲನ್ನು ವರ್ಗಾಯಿಸಿದೆ. ಆಮೇಲೆ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ಲಿನೊಂದಿಗೆ ಹತ್ತು ದಿನ ಇಟ್ಟು, ಒಣ ಹತ್ತಿ ಬಟ್ಟೆಯ ನಡುವೆ ರೀಲನ್ನು ನಿಧಾನವಾಗಿ ಹಾಯಿಸುವುದೇ ಸರಿಯಾದ ದಾರಿ ಎಂದು ತಿಳಿದುಕೊಂಡೆ. ಬಿಳಿ ಪುಡಿ ಉದುರುವುದರಿಂದ ಮೂಗಿಗೆ ಮಾಸ್ಕ್ ಕಡ್ಡಾಯ.

ವೇಗದ ವಿಷಯ ನನ್ನನ್ನು ಇನ್ನೂ ದೂರ ಕರೆದೊಯ್ದಿತು. ಕ್ಯಾಸೆಟ್ ಸೆಕೆಂಡಿಗೆ 4.76 ಸೆಂ.ಮೀ. ಓಡಬೇಕು. ವೇಗ ಅಳೆಯುವ ಪರೀಕ್ಷಾ ಟೇಪ್ ಇಲ್ಲದ ನಾನು, ಧ್ವನಿಮುದ್ರಣದಲ್ಲಿ ಸೇರಿಕೊಂಡಿರುವ ವಿದ್ಯುತ್ತಿನ ಗುಂಯ್ ಸದ್ದು 50 ಹರ್ಟ್ಸ್ ಇರಬೇಕೆಂದು ಭಾವಿಸಿ ಅದನ್ನೇ ಅಳತೆಗೋಲಾಗಿಸಿದೆ. ಒಂದೊಂದು ಕ್ಯಾಸೆಟ್ಟಿನಲ್ಲಿ ಒಂದೊಂದು ಲೆಕ್ಕ ಬಂತು. ಆ ಕಾಲದಲ್ಲಿ ನಮ್ಮ ವಿದ್ಯುಜ್ಜಾಲದ ಆವರ್ತನವೇ ಏರಿಳಿಯುತ್ತಿತ್ತು. ಆಮೇಲೆ ಹಾರ್ಮೋನಿಯಂ ಹಿಡಿದೆ. ಅದರ ಸ್ವರ ಮನೆಗಳ (ಕೀಲಿಗಳ) ನಡುವೆ ನಿಲ್ಲುವಂತಿಲ್ಲ. ಹತ್ತು ಕ್ಯಾಸೆಟ್‌ಗಳ ಹಾರ್ಮೋನಿಯಂಗಳೂ ಕರಿ ಒಂದು ಮತ್ತು ಬಿಳಿ ಎರಡರ ನಡುವೆ, ಇಲ್ಲವೇ ಬೇರೆ ಎರಡು ಮನೆಗಳ ನಡುವೆ, ಒಂದೇ ಪ್ರಮಾಣದಲ್ಲಿ ತಪ್ಪಿ ನಿಂತಿದ್ದವು. ಒಂದು ಮನೆ ಏರಿದರೆ ಹೆಚ್ಚುಕಡಿಮೆ ಶೇಕಡಾ 6ರಷ್ಟು ವ್ಯತ್ಯಾಸವಾದ್ದರಿಂದ, ನನ್ನ ಡೆಕ್ ಶೇಕಡಾ 3ರಷ್ಟು ವೇಗವಾಗಿ ಓಡುತ್ತಿದೆ ಎಂದು ಅಂದಾಜಿಸಿ, ಮೋಟಾರಿನ ಬೆನ್ನಿನ ಸಣ್ಣ ರಂಧ್ರದೊಳಗಿನ ತಿರುಪನ್ನು ಹೊಂದಿಸಿದೆ. ಹತ್ತೂ ಮನೆಗೆ ಬಂದು ಕೂತವು.

ಇಷ್ಟಾದ ಮೇಲೆ ಮನ್ಸೂರರ ಕ್ಯಾಸೆಟ್ ಮತ್ತೆ ಹಾಕಿದೆ. ಅವರು ಒಂದು ವಚನದ ಸಾಲನ್ನು ಅರ್ಧಕ್ಕೆ ಬಿಟ್ಟು ಉಸಿರು ಎಳೆದುಕೊಂಡಾಗ, ಆ ಉಸಿರಿನ ಕೆಳಗೆ ತಂಬೂರಿಯ ನಾಲ್ಕು ತಂತಿಗಳೂ ಬಿಡಿಬಿಡಿಯಾಗಿ ಕೇಳಿದವು. ಮೂವತ್ತು ವರ್ಷ ಅದು ನನಗೆ ಬರೀ ಒಂದು ಗುಂಜಾರವವಾಗಿತ್ತು. ಮೊದಲ ಸ್ಥಾನ ಅದಕ್ಕೇ.

ಎರಡನೆಯ ಸ್ಥಾನ ಕಾಳಿಂಗ ನಾವಡರ ಭಾಗವತಿಕೆಯ ಯಕ್ಷಗಾನ ಕ್ಯಾಸೆಟ್ಟಿನದು. ಚಂಡೆ ಇರುವ ಧ್ವನಿಮುದ್ರಣದಷ್ಟು ಹೊಂದಾಣಿಕೆಯ ತಪ್ಪನ್ನು ಬಯಲಿಗೆಳೆಯುವುದು ಬೇರೊಂದಿಲ್ಲ: ಹೆಡ್ ವಾಲಿದ್ದರೆ ಚಂಡೆಯ ಪೆಟ್ಟು ರಟ್ಟಿನ ಡಬ್ಬಿಯ ಮೇಲೆ ಬಿದ್ದಂತಿರುತ್ತದೆ, ಸರಿಯಾಗಿದ್ದರೆ ಕೋಲು ಚರ್ಮದಿಂದ ಮೇಲೇಳುವುದೂ ತಿಳಿಯುತ್ತದೆ. 1990ರಲ್ಲಿ, ಮೂವತ್ತೆರಡು ತುಂಬುವ ಮೊದಲೇ ತೀರಿಕೊಂಡ ಆ ಭಾಗವತರ ಕಂಠ ಎಷ್ಟು ಎಳೆಯದು ಎಂಬುದು ವೇಗ ಸರಿಮಾಡಿದ ಮೇಲೆಯೇ ನನ್ನ ಮನಸ್ಸಿಗೆ ನಾಟಿತು. ವೇಗ ಹೆಚ್ಚಿದ್ದಾಗ ಅದು ಕೇವಲ ತಾರಕದಲ್ಲಿ ಚೀರಿದಂತಿತ್ತು. ಮೂರನೆಯದು ದೊರೆಸ್ವಾಮಿ ಅಯ್ಯಂಗಾರರ ವೀಣೆ. ಮೀಟಿದ ಉಗುರಿನ ಸದ್ದು ಮೊದಲು, ಸ್ವರ ಆಮೇಲೆ. ಮೈಸೂರು ಬಾನಿಯ (ಶೈಲಿಯ) ಸಂಯಮವನ್ನು ಕೇಳಲು ರಾತ್ರಿ ಹತ್ತರ ಮೇಲೆ ಕುಳಿತುಕೊಳ್ಳಬೇಕು. ಭೀಮಸೇನ ಜೋಶಿಯವರ ದಾಸವಾಣಿ ನಾಲ್ಕನೆಯದು. ಅದು ಎಲ್ಲರ ಮನೆಯಲ್ಲಿಯೂ ಇರುವುದರಿಂದ ಹೆಚ್ಚು ಹೇಳುವುದಿಲ್ಲ.

ಐದನೆಯದನ್ನು ಬರೆಯಲು ಆಗಿಲ್ಲ. 1978ರ "ನಿತ್ಯೋತ್ಸವ", ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ, ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ, ಅಲ್ಲಿರಬೇಕೆಂಬುದು ನನ್ನ ಆಸೆ. ನನ್ನಲ್ಲಿರುವುದು ಅಂಗಡಿಯಲ್ಲಿ ತುಂಬಿಸಿದ ಪ್ರತಿ. ಅದರ ಎ ಬದಿ ಚೆನ್ನಾಗಿ ಇಳಿದಿದೆ, ಬಿ ಬದಿಯಲ್ಲಿ ರೀಲು ಎರಡು ಕಡೆ ಸುಕ್ಕುಗಟ್ಟಿದೆ. ₹300 ಕೊಟ್ಟು ತರಿಸಿದ ಇನ್ನೊಂದು ಪ್ರತಿಯ ಬಿ ಬದಿಯ ಮೇಲೆ ಯಾರೋ ತಮ್ಮ ಮನೆಯ ಉಪನಯನದ ಮಂತ್ರಗಳನ್ನು ಮುದ್ರಿಸಿಕೊಂಡಿದ್ದಾರೆ. ಅರ್ಧ ಕೇಳಿ ಸ್ಥಾನ ಕೊಡುವುದು ನನ್ನ ಪದ್ಧತಿಯಲ್ಲಿ ಇಲ್ಲ. ಸುಕ್ಕುಗಟ್ಟಿದ ರೀಲನ್ನು ಎರಡು ಗಾಜಿನ ಹಲಗೆಗಳ ನಡುವೆ ಭಾರ ಹೇರಿ ಇಟ್ಟಿದ್ದೇನೆ. ದೀಪಾವಳಿಯ ಹೊತ್ತಿಗೆ ತೆಗೆದು ನೋಡುತ್ತೇನೆ.